ನೀನು ಎಷ್ಟನೆಯವನು?

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಲೇಕ್ ವ್ಯೂ ರೋಡ್ ಎಂಬ ರಸ್ತೆಯಿದೆ. ಎಷ್ಟು ಹುಡುಕಿದರೂ ಕೆರೆ ಮಾತ್ರ ಸಿಗುವುದಿಲ್ಲ. ಇದ್ದ ಕೆರೆಯ ನೀರು ಬಸಿದು, ಮಣ್ಣು ತುಂಬಿ, 1920ರ ದಶಕದಲ್ಲಿ ತ್ಯಾಗರಾಯನಗರವನ್ನು ಕಟ್ಟಿದರು. ರೈಲು ಹಳಿಯ ಪೂರ್ವಕ್ಕೆ ಟಿ. ನಗರ, ಪಶ್ಚಿಮಕ್ಕೆ ನಾವು. ವಯಸ್ಸಿನಲ್ಲಿ ಮಾಂಬಲವೇ ದೊಡ್ಡದು. ಆದರೆ ರೇಷ್ಮೆ, ಚಿನ್ನ, ಪಾತ್ರೆಯ ಮಹಲುಗಳೆಲ್ಲ ಹಳಿಯ ಆಚೆ. ಹಪ್ಪಳ, ಉಪ್ಪಿನಕಾಯಿ, ಪಂಚಾಂಗ, ದರ್ಭೆ, ಶ್ರಾದ್ಧದ ಅಡಿಗೆಯವರು, ಜೊತೆಗೆ ಇಡೀ ಮದರಾಸಿನಲ್ಲಿ ಹೆಸರುವಾಸಿಯಾದ ಸೊಳ್ಳೆಗಳು ಈಚೆ. ಚಿಕ್ಕವಳಿಗೆ ಒಡವೆ ಮಾಡಿಸಿ ಕಳಿಸಿಕೊಟ್ಟು ತಾನು ಅಡಿಗೆಮನೆಯಲ್ಲೇ ಉಳಿದ ಹಿರಿಯಕ್ಕನ ಹಾಗೆ ನಮ್ಮ ಮಾಂಬಲ.

ಇಂಥ ಊರಿನಲ್ಲಿ ಹುಟ್ಟಿದ ಮೇಲೆ ಮಕ್ಕಳ ಸರದಿಯ ಬಗ್ಗೆ ಯೋಚಿಸದೆ ಇರುವುದು ಕಷ್ಟ. ನಾವು ಚಿಕ್ಕವರಾಗಿದ್ದಾಗ ಇಲ್ಲಿ ಫ್ಲ್ಯಾಟುಗಳಿರಲಿಲ್ಲ, ಪೋರ್ಷನ್ನುಗಳಿದ್ದವು. ಒಂದು ಉದ್ದನೆಯ ಮನೆ, ನಡುವೆ ಓಣಿ, ಎರಡೂ ಕಡೆ ಒಂದೂವರೆ ಕೋಣೆಯ ಸಂಸಾರಗಳು, ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದು ಬಾವಿ, ಒಂದು ಕೈಪಂಪು. ಪ್ರತಿ ಪೋರ್ಷನ್ನಿನಲ್ಲೂ ನಾಲ್ಕೋ ಐದೋ ಮಕ್ಕಳು. ಅಷ್ಟು ಮಕ್ಕಳ ಹೆಸರು ಯಾರು ನೆನಪಿಟ್ಟುಕೊಳ್ಳುತ್ತಾರೆ? ಎದುರು ಪೋರ್ಷನ್ನಿನ ಮಾಮಿ ನನ್ನ ಹೆಸರು ಕೇಳಿದ್ದೇ ಇಲ್ಲ. "ನೀ ಮೂತ್ತವನಾ, ಇಳೆಯವನಾ?" ಎಂದೇ ಕೇಳುತ್ತಿದ್ದರು. ನಾನು ಹಿರಿಯನೂ ಅಲ್ಲ, ಕಿರಿಯನೂ ಅಲ್ಲ. "ನಡುವಿಲೆ" ಎನ್ನುತ್ತಿದ್ದೆ. "ಓ" ಎಂದು ಮಾಮಿ ತಮ್ಮ ಕೆಲಸಕ್ಕೆ ತಾವು ಹೋಗುತ್ತಿದ್ದರು. ಆ "ಓ" ಎಂಬುದರಲ್ಲಿ ಮುಂದೆ ಕೇಳುವುದಕ್ಕೆ ಏನೂ ಇಲ್ಲ ಎಂಬ ಅರ್ಥ ಇರುತ್ತಿತ್ತು.

ನಾವು ನಾಲ್ವರು. ಮೊದಲು ಅಕ್ಕ, ಆಮೇಲೆ ಅಣ್ಣ, ಆಮೇಲೆ ನಾನು, ಕೊನೆಗೆ ಪುಟ್ಟ. ಪುಟ್ಟನಿಗೂ ಒಂದು ಹೆಸರಿದೆ; ಅದು ರೇಷನ್ ಕಾರ್ಡಿನಲ್ಲಿ ಸುಖವಾಗಿದೆ. ಹಿರಿತನ ಎಂಬುದು ಒಂದೇ ಹುದ್ದೆ ಎಂದು ಪುಸ್ತಕ ಬರೆದವರು ತಿಳಿದಿದ್ದಾರೆ. ನಮ್ಮ ಮನೆಗಳಲ್ಲಿ ಅದು ಎರಡು. ಮೊದಲು ಹುಟ್ಟಿದವಳು ಹೆಣ್ಣಾದರೆ ಕೆಲಸ ಅವಳಿಗೆ, ಆಮೇಲೆ ಹುಟ್ಟಿದ ಗಂಡಿಗೆ ಕುರ್ಚಿ. ಬೆಳಗಿನ ಜಾವ ಪಂಪಿನ ಮುಂದೆ ಕೊಡ ಸಾಲಾಗಿ ಇಟ್ಟು ನಿಲ್ಲುತ್ತಿದ್ದವಳು ಅಕ್ಕ. ಪುಟ್ಟನಿಗೆ ಸ್ನಾನ ಮಾಡಿಸಿ, ನನ್ನ ಗುಂಡಿ ಹೊಲಿದು, ಅಣ್ಣನ ಡಬ್ಬಿ ಕಟ್ಟಿ, ತನ್ನ ಜಡೆಯನ್ನು ದಾರಿಯಲ್ಲಿ ಹೆಣೆದುಕೊಳ್ಳುತ್ತಿದ್ದವಳೂ ಅಕ್ಕ. ಆದರೆ ಅಪ್ಪ ಊರಿಗೆ ಹೋದಾಗ "ಮನೆ ಕಡೆ ನೋಡ್ಕೊಳೋ" ಎಂದು ಹೇಳುತ್ತಿದ್ದದ್ದು ಅಣ್ಣನಿಗೆ. ಅಣ್ಣ ಗಂಭೀರವಾಗಿ ತಲೆ ಆಡಿಸುತ್ತಿದ್ದ. ಅಕ್ಕ ಮನೆ ನೋಡಿಕೊಳ್ಳುತ್ತಿದ್ದಳು. "ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ" ಎಂಬ ಗಾದೆ ಕಟ್ಟಿದವರಿಗೂ ಅಕ್ಕನ ಚಾಳಿ ಕಂಡಿತೇ ಹೊರತು ಅವಳ ಕೈಯ ಕೊಡ ಕಾಣಲಿಲ್ಲ.

ನಮ್ಮ ಸರದಿಯ ದಾಖಲೆ ಎಂದರೆ ಒಂದು ಶಾಲೆಯ ಅಟ್ಲಾಸು. ಅಪ್ಪ ಅದನ್ನು ಅಕ್ಕನಿಗೆಂದು ಕೊಂಡದ್ದು. ಮೊದಲ ಪುಟದಲ್ಲಿ ಅಪ್ಪನದೇ ಕೈಬರಹದಲ್ಲಿ, ನೀಲಿ ಶಾಯಿಯಲ್ಲಿ ಅಕ್ಕನ ಹೆಸರು, ತರಗತಿ, ತಾರೀಕು, ಮೇಲೆ ಗಣಪತಿಯ ಗುರುತಾದ ಪಿಳ್ಳೆಯಾರ್ ಸುಳಿ. ಅದರ ಕೆಳಗೆ ಅಣ್ಣ ತಾನೇ ಬರೆದುಕೊಂಡ ಅವನ ಹೆಸರು, ಕೆಳಗೊಂದು ಗೆರೆ. ಗೆರೆಯ ಕೆಳಗೆ ಉಳಿದ ಸಂದಿಯಲ್ಲಿ ನಾನು ಪೆನ್ಸಿಲಿನಲ್ಲಿ. ಪುಟ್ಟನ ಸರದಿ ಬಂದಾಗ ಆ ಪುಟದಲ್ಲಿ ಜಾಗವೇ ಇರಲಿಲ್ಲ. ಅವನು ಪೆಸಿಫಿಕ್ ಸಾಗರದ ನೀಲಿಯ ಮೇಲೆ ಉದ್ದಕ್ಕೆ ತನ್ನ ಹೆಸರು ಬರೆದ. ಒಳಗಿನ ಪುಟಗಳ ಕಥೆಯೂ ಹೀಗೇ. ಅಕ್ಕ ಓದಿದ್ದು ಮದ್ರಾಸ್ ರಾಜ್ಯ, ಮೈಸೂರು ರಾಜ್ಯ, ಪೂರ್ವ ಪಾಕಿಸ್ತಾನ. 1969ರಲ್ಲಿ ಮದ್ರಾಸ್ ರಾಜ್ಯವನ್ನು ಹೊಡೆದು ತಮಿಳುನಾಡು ಎಂದು ಬರೆದವನು ಅಣ್ಣ. 1971ರ ಕೊನೆಗೆ ಬಾಂಗ್ಲಾದೇಶ ಮಾಡಿದವನು ನಾನು. 1973ರ ನವೆಂಬರಿನಲ್ಲಿ ಮೈಸೂರನ್ನು ಕರ್ನಾಟಕ ಮಾಡುವ ಭಾಗ್ಯ ಪುಟ್ಟನದು. ಅಕ್ಕನಿಗೆ ಹೊಸ ಅಟ್ಲಾಸು ಸಿಕ್ಕಿತು. ಪುಟ್ಟನಿಗೆ ಇಬ್ಬರು ತಿದ್ದಿದ ಪ್ರಪಂಚ ಸಿಕ್ಕಿತು. ಯಾವುದು ಹೆಚ್ಚಿನ ವಿದ್ಯೆ ಎಂದು ನನಗೆ ಇನ್ನೂ ತೀರ್ಮಾನ ಮಾಡಲಾಗಿಲ್ಲ.

ಮಾತಿನ ವಿಷಯದಲ್ಲಂತೂ ಸರದಿ ತನ್ನ ಪೂರ್ತಿ ಆಟ ಆಡಿತು. ಅಕ್ಕ ಬೆಳೆದದ್ದು ನಂಜನಗೂಡಿನಿಂದ ಬಂದ ಅಜ್ಜಿಯ ತೊಡೆಯ ಮೇಲೆ. ಅವಳ ಕನ್ನಡದಲ್ಲಿ ನೆಲುವು, ಕಣಜ, ಒರಳುಕಲ್ಲು ಎಲ್ಲ ಇವೆ. ಅಣ್ಣನ ಪಾಲಿಗೆ ಅರ್ಧ ಅಜ್ಜಿ, ಅರ್ಧ ಚಂದಮಾಮ. ವಡಪಳನಿಯಲ್ಲಿ ಅಚ್ಚಾಗುತ್ತಿದ್ದ ಆ ಕನ್ನಡ ಪತ್ರಿಕೆ ನಮ್ಮ ಮನೆಗೆ ನಡೆದೇ ಬರಬಹುದಿತ್ತು. ನಾನು ಮಾತು ಕಲಿಯುವ ಹೊತ್ತಿಗೆ ಮನೆಯಲ್ಲಿ ಶಾಲೆಗೆ ಹೋಗುವವರು ಇಬ್ಬರಿದ್ದರು; ಅವರು ಜಗಳವಾಡುತ್ತಿದ್ದದ್ದು ತಮಿಳಿನಲ್ಲಿ. ಪುಟ್ಟ ಹುಟ್ಟಿದಾಗ ಅಜ್ಜಿ ಇರಲಿಲ್ಲ, ತಮಿಳು ಮಾತಾಡುವ ಮೂವರು ಇದ್ದರು. ಅಮ್ಮ ಕನ್ನಡದಲ್ಲಿ "ಏನೋ ಬೇಕು?" ಎಂದರೆ ಅವನು "ಪಸಿಕ್ಕುದುಮ್ಮಾ" ಎನ್ನುತ್ತಿದ್ದ. ಇಬ್ಬರಿಗೂ ಯಾವ ತೊಂದರೆಯೂ ಆಗುತ್ತಿರಲಿಲ್ಲ. ಹೊರನಾಡಿಗೆ ಹೋದ ಸಂಸಾರಗಳಲ್ಲಿ ಮನೆಮಾತು ಮೊದಲ ಮಗುವಿನಲ್ಲಿ ಗಟ್ಟಿಯಾಗಿ ಉಳಿದು ಕೆಳಕೆಳಗೆ ತೆಳುವಾಗುತ್ತದೆ ಎಂದು ಭಾಷಾಶಾಸ್ತ್ರಜ್ಞರೂ ಗುರುತಿಸಿದ್ದಾರೆ. ನಮ್ಮ ಮನೆಯಲ್ಲಿ ಅಪ್ಪ ಒಬ್ಬರೇ, ಅಮ್ಮ ಒಬ್ಬಳೇ, ಮಾತೃಭಾಷೆ ಮಾತ್ರ ನಾಲ್ಕು.

ಇದು ಮನೆಯವರ ಪಕ್ಷಪಾತ ಎಂದು ದೂರುವ ಹಾಗಿಲ್ಲ. ಶಾಸ್ತ್ರವೇ ಸರದಿ ಎಣಿಸುತ್ತದೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ಮೂರನೆಯವನ ಹೊತ್ತಿಗೆ ತಾತಂದಿರು ಮುಗಿದಿರುತ್ತಾರೆ, ದೇವರೇ ಗತಿ. ಚೊಚ್ಚಲು ಗಂಡಿಗೆ ಚೊಚ್ಚಲು ಹೆಣ್ಣನ್ನು ಜ್ಯೇಷ್ಠ ಮಾಸದಲ್ಲಿ ಕೊಡಬಾರದು, ಮೂರು ಜ್ಯೇಷ್ಠ ಕೂಡಬಾರದು ಎಂದು ಪಂಚಾಂಗ ಹೇಳುತ್ತದೆ. ಅಣ್ಣನಿಗಿಂತ ಮೊದಲು ತಮ್ಮ ಮದುವೆಯಾದರೆ ಇಬ್ಬರಿಗೂ ದೋಷ ಎಂದು ಧರ್ಮಶಾಸ್ತ್ರ. ಕೆಲವು ಮನೆತನಗಳಲ್ಲಿ ತಂದೆಗೆ ಹಿರಿಯ ಮಗ, ತಾಯಿಗೆ ಕಿರಿಯ ಮಗ ಬೆಂಕಿ ಇಡುವ ರೂಢಿಯಿದೆ. ನಡುವಿನವನು ಛತ್ರಿ ಹಿಡಿದುಕೊಂಡು ನಿಲ್ಲಬಹುದು. ಉಪನಯನದ ಮಾತು ಕೇಳಲೇಬೇಡಿ. ಅಣ್ಣನ ಮುಂಜಿಗೆ ನಂಜನಗೂಡು, ಮೈಸೂರು, ತಂಜಾವೂರಿನಿಂದ ಜನ ಬಂದರು, ನಾಗಸ್ವರ ಬಂತು. ನನ್ನದನ್ನೂ ಪುಟ್ಟನದನ್ನೂ ಒಂದೇ ಖರ್ಚಿನಲ್ಲಿ, ಒಂದೇ ಹಸೆಯ ಮೇಲೆ ಮುಗಿಸಿದರು. ನನಗೆ ಕಾಯಬೇಕಾಗಿ ಬಂದದ್ದು ಪುಟ್ಟ ದೊಡ್ಡವನಾಗಲಿ ಎಂದು. ಬಂದವರೆಲ್ಲ ಕೆನ್ನೆ ಹಿಂಡಿದ್ದು ಪುಟ್ಟನದು.

ನನ್ನ ಜಾತಿಯವರ, ಎಂದರೆ ನಡುವಿನವರ, ಪುರಾಣ ನನಗೆ ಸಿಕ್ಕಿದ್ದು ಆರ್ಯಗೌಡ ರಸ್ತೆಯ ಅಯೋಧ್ಯಾ ಮಂಟಪದಲ್ಲಿ. ಅಲ್ಲಿ ಸಂಜೆಯ ಉಪನ್ಯಾಸ ಎಂದರೆ ನಮ್ಮ ಊರಿಗೆ ಸಿನಿಮಾ ಇದ್ದ ಹಾಗೆಯೇ. ಮಾಮಿಯರು ಜಾಗ ಹಿಡಿಯಲು ಮೊದಲೇ ಟವೆಲ್ ಹಾಸಿ ಬರುತ್ತಿದ್ದರು. ಬಾಲಕಾಂಡ ನಡೆಯುತ್ತಿತ್ತು. ಮಿಥಿಲೆಯಲ್ಲಿ ಶತಾನಂದರು ರಾಮನಿಗೆ ವಿಶ್ವಾಮಿತ್ರರ ಕಥೆ ಹೇಳುವ ಭಾಗ. ಯಜ್ಞಕ್ಕೆ ನರಪಶು ಬೇಕಾಗಿ ರಾಜನೊಬ್ಬ ಋಷಿಯ ಮನೆಗೆ ಬರುತ್ತಾನೆ. ಮೂವರು ಗಂಡುಮಕ್ಕಳು. ಹಿರಿಯನನ್ನು ಕೊಡಲಾರೆ ಎಂದು ತಂದೆ, ಕಿರಿಯನನ್ನು ಕೊಡಲಾರೆ ಎಂದು ತಾಯಿ. ಉಳಿದವನು ಶುನಃಶೇಪ. ಹಾಗಾದರೆ ನನ್ನನ್ನೇ ಮಾರಿದ ಹಾಗಾಯಿತು ಎಂದು ಅವನೇ ಅರ್ಥಮಾಡಿಕೊಂಡು ರಾಜನ ಹಿಂದೆ ಹೊರಟುಬಿಡುತ್ತಾನೆ. ಮಂಟಪದಲ್ಲಿ ಎಲ್ಲರೂ "ಅಯ್ಯೋ ಪಾವಂ" ಎಂದರು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಪುಟ್ಟನನ್ನು ತಟ್ಟಿ ಮಲಗಿಸುತ್ತಿದ್ದಳು.

ಐತರೇಯ ಬ್ರಾಹ್ಮಣದಲ್ಲಿ ಈ ಕಥೆ ಇನ್ನೂ ಕಟುವಾಗಿದೆ. ಅಲ್ಲಿ ತಂದೆ ಅಜೀಗರ್ತ ನೂರು ಹಸುವಿಗೆ ನಡುವಿನ ಮಗನನ್ನು ಮಾರಿ, ಇನ್ನೊಂದು ನೂರಕ್ಕೆ ತಾನೇ ಕಂಬಕ್ಕೆ ಕಟ್ಟಿ, ಮತ್ತೊಂದು ನೂರಕ್ಕೆ ಕತ್ತಿ ಹಿಡಿಯಲೂ ಒಪ್ಪುತ್ತಾನೆ. ಶುನಃಶೇಪ ದೇವತೆಗಳನ್ನು ಸ್ತುತಿಸಿ ಕಟ್ಟು ಬಿಡಿಸಿಕೊಳ್ಳುತ್ತಾನೆ. ಆಮೇಲಿನದು ನನಗೆ ಬಹಳ ಇಷ್ಟ. ವಿಶ್ವಾಮಿತ್ರರು ಅವನನ್ನು ದತ್ತು ತೆಗೆದುಕೊಂಡು ತಮ್ಮ ನೂರೊಂದು ಮಕ್ಕಳಿಗೆ ಇವನೇ ಜ್ಯೇಷ್ಠ ಎನ್ನುತ್ತಾರೆ. ಮಧುಚ್ಛಂದನಿಗಿಂತ ದೊಡ್ಡವರಾದ ಐವತ್ತು ಮಂದಿ ಒಪ್ಪುವುದಿಲ್ಲ. ಮಧುಚ್ಛಂದ ಮತ್ತು ಅವನಿಗಿಂತ ಚಿಕ್ಕವರಾದ ಐವತ್ತು ಮಂದಿ ಒಪ್ಪುತ್ತಾರೆ. ಮೇಲೆ ಐವತ್ತು, ಕೆಳಗೆ ಐವತ್ತು: ಲೋಕದಲ್ಲಿ ಮಧುಚ್ಛಂದನಷ್ಟು ಕರಾರುವಾಕ್ಕಾಗಿ ನಡುವೆ ಹುಟ್ಟಿದವನು ಇನ್ನೊಬ್ಬನಿಲ್ಲ. ಋಗ್ವೇದದ ಮೊಟ್ಟಮೊದಲ ಸೂಕ್ತದ ಋಷಿ ಅವನೇ. ಹಿರಿತನ ಹುಟ್ಟಿನಿಂದ ಬರಬೇಕಿಲ್ಲ, ಕೊಟ್ಟರೂ ಬರುತ್ತದೆ ಎಂದು ಆ ಕಾಲಕ್ಕೇ ಗೊತ್ತಿತ್ತು. ಕೊಟ್ಟದ್ದನ್ನು ಒಪ್ಪಲು ದೊಡ್ಡವರಿಗೆ ಕಷ್ಟ ಎಂಬುದೂ ಗೊತ್ತಿತ್ತು.

ಪಶ್ಚಿಮದವರು ಇದನ್ನು ಅಳೆಯಲು ಹೊರಟದ್ದು 1874ರಲ್ಲಿ. ಫ್ರಾನ್ಸಿಸ್ ಗಾಲ್ಟನ್ ಎಂಬ ಮಹಾಶಯ ಇಂಗ್ಲೆಂಡಿನ ವಿಜ್ಞಾನಿಗಳ ಲೆಕ್ಕ ತೆಗೆದು, ಅವರಲ್ಲಿ ಚೊಚ್ಚಲು ಗಂಡುಮಕ್ಕಳೇ ಹೆಚ್ಚು ಎಂದ. ಅವನು ಸ್ವತಃ ಒಂಬತ್ತು ಮಕ್ಕಳಲ್ಲಿ ಕೊನೆಯವನು. ಅವನ ನಂತರ ವಿಯೆನ್ನಾದ ಆಲ್ಫ್ರೆಡ್ ಆಡ್ಲರ್ ಬಂದ. ಮೊದಲ ಮಗು ಸಿಂಹಾಸನ ಕಳೆದುಕೊಂಡ ರಾಜ, ಎರಡನೆಯದು ಸದಾ ಓಟದಲ್ಲಿರುವ ಸ್ಪರ್ಧಿ, ಕೊನೆಯದು ಮುದ್ದಿನಲ್ಲಿ ಮುಳುಗಿದ್ದು ಎಂದು ವಿಂಗಡಿಸಿದವನು ಅವನೇ. ಆಡ್ಲರ್ ತನ್ನ ಮನೆಯಲ್ಲಿ ಎರಡನೆಯವನು; ಅವನ ಅಣ್ಣನ ಹೆಸರು ಸಿಗ್ಮಂಡ್. ದೊಡ್ಡವನಾದ ಮೇಲೆ ಇನ್ನೊಬ್ಬ ಸಿಗ್ಮಂಡ್, ಫ್ರಾಯ್ಡ್ ಮಹಾಶಯ, ಸಿಕ್ಕಿದ. 1911ರಲ್ಲಿ ಅವನೊಡನೆಯೂ ಮುರಿದುಕೊಂಡ. 1996ರಲ್ಲಿ ಫ್ರಾಂಕ್ ಸಲೋವೇ, ಲೋಕದ ಬಂಡಾಯಗಳನ್ನೆಲ್ಲ ಮಾಡಿದವರು ತಮ್ಮಂದಿರು ಎಂದು ದಪ್ಪ ಪುಸ್ತಕವನ್ನೇ ಬರೆದ. ಚಿಕ್ಕವರಿಗೆಲ್ಲ ಬಹಳ ಸಂತೋಷವಾಯಿತು.

ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. 2015ರಲ್ಲಿ ಅಮೆರಿಕ, ಬ್ರಿಟನ್, ಜರ್ಮನಿಯ 20,000ಕ್ಕೂ ಹೆಚ್ಚು ಜನರ ಮಾಹಿತಿ ತೆಗೆದುಕೊಂಡು ಜರ್ಮನಿಯ ಮನಶ್ಶಾಸ್ತ್ರಜ್ಞರು ನೋಡಿದರೆ ಶಿಸ್ತು, ಸಿಟ್ಟು, ಸಂಕೋಚ, ಸ್ನೇಹಪರತೆ ಯಾವುದಕ್ಕೂ ಹುಟ್ಟಿದ ಸರದಿಗೂ ಹೇಳಿಕೊಳ್ಳುವ ಸಂಬಂಧ ಕಾಣಲಿಲ್ಲ. ಬುದ್ಧಿ ಪರೀಕ್ಷೆಯ ಅಂಕದಲ್ಲಿ ಮಾತ್ರ ಹಿರಿಯರಿಗೆ ಕೂದಲೆಳೆಯಷ್ಟು ಹೆಚ್ಚು. ಆ ಕೂದಲೆಳೆಯ ಗುಟ್ಟನ್ನು 2007ರಲ್ಲೇ ನಾರ್ವೆಯವರು ಬಿಡಿಸಿದ್ದರು. ಸೈನ್ಯಕ್ಕೆ ಸೇರುವ ಮೊದಲು ಪರೀಕ್ಷೆ ಬರೆದ ಸುಮಾರು 2.4 ಲಕ್ಷ ತರುಣರ ಅಂಕಗಳಲ್ಲಿ ಹಿರಿಯರು ಎರಡು ಮೂರು ಅಂಕ ಮುಂದಿದ್ದರು. ಆದರೆ ಮೇಲಿನ ಮಗು ಎಳವೆಯಲ್ಲೇ ತೀರಿಕೊಂಡು ಮನೆಯಲ್ಲಿ ಹಿರಿಯನಾಗಿ ಬೆಳೆದ ಎರಡನೆಯವನ ಅಂಕವೂ ಚೊಚ್ಚಲವನ ಅಂಕದ ಹತ್ತಿರವೇ ಇತ್ತು. ಲೆಕ್ಕಕ್ಕೆ ಬಂದದ್ದು ಹುಟ್ಟಿದ ಸರದಿಯಲ್ಲ, ಬೆಳೆಸಿದ ಸರದಿ.

ಇದರಲ್ಲಿ ನಗಲಾಗದ ಮಾತೂ ಒಂದಿದೆ. ಭಾರತದ ಮಕ್ಕಳು ಆಫ್ರಿಕದ ಮಕ್ಕಳಿಗಿಂತ ಏಕೆ ಕುಳ್ಳು ಎಂದು ಸೀಮಾ ಜಯಚಂದ್ರನ್ ಮತ್ತು ರೋಹಿಣಿ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಹುಡುಕಿದರು. 2017ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ನಮ್ಮ ಮೊದಲ ಮಕ್ಕಳು ಕುಳ್ಳಲ್ಲ. ಎರಡು, ಮೂರು ಎಂದು ಸರದಿ ಇಳಿದ ಹಾಗೆ ಎತ್ತರ ಇಳಿಯುತ್ತದೆ. ಅದರ ಹಿಂದೆ ಹಿರಿಯ ಮಗನ ಮೇಲಿನ ಮೋಹವಿದೆ. ಸರದಿ ಗುಣಕ್ಕಿಂತ ಮೊದಲು ತಟ್ಟೆಯಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ಪೋರ್ಷನ್ನಿನಲ್ಲಿ ಕೊನೆಗೆ ಉಣ್ಣುತ್ತಿದ್ದವಳು ಅಕ್ಕ. ಹಿರಿಯಳಾದರೂ ಸರದಿ ಕೊನೆಯದು.

ಬೆಳೆಸಿದ ಸರದಿ ಎಂದೆನಲ್ಲ, ಅದಕ್ಕೆ ಮದರಾಸಿನಲ್ಲೇ ಒಳ್ಳೆಯ ಸಾಕ್ಷಿಯಿದೆ. ಆರ್.ಕೆ. ನಾರಾಯಣ್ ಹುಟ್ಟಿದ್ದು 1906ರಲ್ಲಿ, ಇದೇ ಊರಿನಲ್ಲಿ. ಅಪ್ಪನಿಗೆ ಮೈಸೂರು ಸೀಮೆಯಲ್ಲಿ ಹೆಡ್‌ಮಾಸ್ಟರ್ ಕೆಲಸ. ಅಣ್ಣ ತಮ್ಮಂದಿರೆಲ್ಲ ಅಲ್ಲಿ, ನಾರಾಯಣ್ ಮಾತ್ರ ಪುರಸವಾಕ್ಕಂನಲ್ಲಿ ಅಜ್ಜಿಯ ಜೊತೆ. ಕಾಗದದ ಮೇಲೆ ದೊಡ್ಡ ಸಂಸಾರದ ಹುಡುಗ, ಬೆಳೆದದ್ದು ಒಂಟಿ ಮಗುವಾಗಿ. ಆಟಕ್ಕೆ ಒಂದು ಕೋತಿ, ಒಂದು ನವಿಲು. ಆ ಮನೆಯ ಕೊನೆಯವರು 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್. ಅಣ್ಣ ಕಥೆ ಬರೆದರೆ ತಮ್ಮ ಚಿತ್ರ ಬರೆದರು. 1980ರ ದಶಕದಲ್ಲಿ ಮಾಲ್ಗುಡಿ ಟಿವಿಗೆ ಬಂದದ್ದೂ ತಮ್ಮಂದಿರ ಕೈಯಿಂದಲೇ: ಚಿತ್ರ ಲಕ್ಷ್ಮಣ್ ಅವರದು, ನಿರ್ದೇಶನ ಅನಂತ್ ನಾಗ್ ಅವರ ತಮ್ಮ ಶಂಕರ್ ನಾಗ್ ಅವರದು.

ಇನ್ನೊಂದು ಸಾಕ್ಷಿ ನಮ್ಮ ಪಕ್ಕದ ಸ್ಟೇಷನ್ ಕೋಡಂಬಾಕಂನದು. ಕನ್ನಡ ಸಿನಿಮಾ ಅಲ್ಲಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ರಾಜ್‌ಕುಮಾರ್ ಸಂಸಾರ ಮದರಾಸಿನಲ್ಲಿತ್ತು. ಇಡೀ ನಾಡು ಅವರನ್ನು ಅಣ್ಣಾವ್ರು ಎಂದಿತು. ಆದರೆ ಕಥೆ ಆರಿಸುವುದು, ವ್ಯವಹಾರ ನೋಡುವುದು, ಬೇಡ ಎನ್ನಬೇಕಾದಲ್ಲಿ ಬೇಡ ಎನ್ನುವುದು, ಒಟ್ಟಿನಲ್ಲಿ ಮನೆಯ ಹಿರಿಯ ಮಾಡಬೇಕಾದ ಕೆಲಸವನ್ನು ಮಾಡಿದವರು ತಮ್ಮ ವರದಪ್ಪ. ನಾಡಿನ ಅಣ್ಣನಿಗೆ ಮನೆಯಲ್ಲಿ ತಮ್ಮನೇ ಅಣ್ಣ. ಮುಂದಿನ ತಲೆಮಾರಿನಲ್ಲಿ 1962ರಲ್ಲಿ ಹುಟ್ಟಿದವರು ಶಿವಣ್ಣನಾದರು. ಐವರಲ್ಲಿ ಕೊನೆಯವರಾಗಿ 1975ರಲ್ಲಿ ಹುಟ್ಟಿದವರು ತೀರಿಕೊಳ್ಳುವವರೆಗೂ, ತೀರಿಕೊಂಡ ಮೇಲೂ, ಜನರಿಗೆ ಅಪ್ಪು. ಕೊನೆಯವನ ಮುದ್ದುಹೆಸರಿಗೆ ನಿವೃತ್ತಿ ವಯಸ್ಸಿಲ್ಲ.

ನಮ್ಮ ಪುಟ್ಟನಿಗೂ ಇಲ್ಲ. ಅರವತ್ತರ ಹೊಸ್ತಿಲಲ್ಲಿದ್ದಾನೆ, ತಲೆಯಲ್ಲಿ ಕೂದಲು ಲೆಕ್ಕಕ್ಕೆ ಸಿಗುತ್ತದೆ. ಅಕ್ಕ ಬೆಂಗಳೂರಿನಲ್ಲಿ, ಅಣ್ಣ ನ್ಯೂಜೆರ್ಸಿಯಲ್ಲಿ, ನಾನು ಮೈಸೂರಿನಲ್ಲಿ. ಪೋರ್ಷನ್ ಕೆಡವಿ ಕಟ್ಟಿದ ಫ್ಲ್ಯಾಟಿನಲ್ಲಿ ಅಮ್ಮನ ಜೊತೆ ಇರುವವನು ಅವನೊಬ್ಬನೇ. ಅಮ್ಮನ ಔಷಧಿ, ಆಸ್ಪತ್ರೆಯ ಫಾರಂಗೆ ಸಹಿ, ಕಾರ್ಪೊರೇಷನ್ ತೆರಿಗೆ, ಅಪ್ಪನ ಶ್ರಾದ್ಧಕ್ಕೆ ಜ್ಞಾನವಾಪಿಯಲ್ಲಿ ಜಾಗ ಗೊತ್ತುಮಾಡುವುದು, ಎಲ್ಲ ಅವನೇ. ಶ್ರಾದ್ಧದ ದಿನ ನ್ಯೂಜೆರ್ಸಿಯಿಂದ ವಿಡಿಯೋ ಕರೆಯಲ್ಲಿ ಅಣ್ಣ "ವಾಧ್ಯಾರರಿಗೆ ದಕ್ಷಿಣೆ ಎಷ್ಟು ಕೊಟ್ಟೆ?" ಎಂದು ಕೇಳುತ್ತಾನೆ. ಮಳೆ ಬಂದರೆ ಅಕ್ಕ ಫೋನು ಮಾಡಿ "ಪುಟ್ಟಾ, ದುರೈಸ್ವಾಮಿ ಸಬ್‌ವೇ ಕಡೆ ಹೋಗ್ಬೇಡ್ವೋ, ನೀರು ನಿಂತಿರತ್ತೆ" ಎನ್ನುತ್ತಾಳೆ. ಅವನು "ಸರಿಕ್ಕಾ" ಎಂದು ಹೇಳಿ, ಅದೇ ನೀರಿನಲ್ಲಿ ಪ್ಯಾಂಟು ಮಡಚಿಕೊಂಡು ಅಮ್ಮನ ಮಾತ್ರೆ ತರಲು ಹೋಗುತ್ತಾನೆ. ನಾನು ಇಬ್ಬರಿಗೂ ಫೋನು ಮಾಡಿ ಸಮಾಧಾನ ಹೇಳುತ್ತೇನೆ. ನಡುವಿನವನ ಕೆಲಸ ಅದು ತಾನೇ.

ಇದು ನಮ್ಮ ಮನೆಯೊಂದರ ಮಾತಲ್ಲ. ವೆಸ್ಟ್ ಮಾಂಬಲಂನ ಫ್ಲ್ಯಾಟುಗಳಲ್ಲಿ ಯಾವ ಕರೆಗಂಟೆ ಒತ್ತಿದರೂ ಬಾಗಿಲು ತೆಗೆಯುವವರು ಒಬ್ಬರು ಅಪ್ಪನೋ ಅಮ್ಮನೋ, ಮತ್ತು ಹತ್ತಿರ ಉಳಿದ ಒಂದು ಮಗು. ಆ ಮಗು ಹುಟ್ಟಿನಲ್ಲಿ ಎಷ್ಟನೆಯದಾದರೂ ಆಗಿರಲಿ, ಈಗ ಹಿರಿಯ ಅದೇ. ಇನ್ನು ಮುಂದೆ ಎಣಿಸಲು ಮಕ್ಕಳೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.8 ಮಕ್ಕಳು, ಕರ್ನಾಟಕದಲ್ಲಿ 1.7. ಎರಡಕ್ಕಿಂತ ಕಡಿಮೆಯಾದ ಮೇಲೆ ನಡುವೆ ಎಂಬುದು ಎಲ್ಲಿಂದ ಬರಬೇಕು? ನಮ್ಮ ಕುಲ ಮುಗಿಯುತ್ತಾ ಬಂತು. ಒಂದೇ ಮಗು ಇರುವ ಮನೆಯಲ್ಲಿ ಅಕ್ಕನ ಕೊಡ, ಅಣ್ಣನ ಕುರ್ಚಿ, ಪುಟ್ಟನ ಕೆನ್ನೆ, ನನ್ನ ಸಮಾಧಾನದ ಫೋನು, ನಾಲ್ಕೂ ಒಬ್ಬರ ಪಾಲಿಗೆ ಬರುತ್ತವೆ.

ಆದ್ದರಿಂದ ನನ್ನ ತೀರ್ಪು ಇಷ್ಟು. ಸರದಿ ಗುಣವಲ್ಲ, ಹುದ್ದೆ. ಹುದ್ದೆ ಎಂದ ಮೇಲೆ ವರ್ಗಾವಣೆಯೂ ಉಂಟು, ಬಡ್ತಿಯೂ ಉಂಟು. ವಿಶ್ವಾಮಿತ್ರರು ಅದನ್ನು ಬಾಯಿಬಿಟ್ಟು ಹೇಳಿ ಕೊಟ್ಟರು. ನಾವು ಕೆಲಸ ಮಾತ್ರ ವರ್ಗಾಯಿಸಿ ಹುದ್ದೆಯನ್ನು ನ್ಯೂಜೆರ್ಸಿಯಲ್ಲೇ ಇಟ್ಟುಕೊಂಡಿದ್ದೇವೆ. ನಿಮ್ಮ ಮನೆಯಲ್ಲೂ ಒಬ್ಬ ಪುಟ್ಟನೋ ಪುಟ್ಟಿಯೋ ಇರಬಹುದು, ಅಥವಾ ಇನ್ನೂ ಕೊಡ ಇಳಿಸದ ಅಕ್ಕ ಇರಬಹುದು. ಅವರಿಗೆ ದಕ್ಷಿಣೆಯ ಲೆಕ್ಕ ಕೇಳಬೇಡಿ, ಮಳೆಯ ಎಚ್ಚರಿಕೆ ಹೇಳಬೇಡಿ. ಇನ್ನು ಮೇಲೆ ಮನೆಯಲ್ಲಿ ನಿನ್ನ ಮಾತೇ ಕೊನೆಯ ಮಾತು ಎಂದು ಒಮ್ಮೆ ಬಾಯಿಬಿಟ್ಟು ಹೇಳಿ. ಆಮೇಲೆ ಟಿಕೆಟ್ ತೆಗೆಸಿ ಹೋಗಿ, ವರ್ಷಕ್ಕೆ ಹದಿನೈದು ದಿನವಾದರೂ ಅವರ ಜಾಗದಲ್ಲಿ ನೀವು ನಿಂತು, ಅವರನ್ನು ರಜೆಯ ಮೇಲೆ ಕಳಿಸಿ.